ಕೈಗೆಟುಕದ ಪ್ಲಗ್ಗು

“ಬ್ಯಾಟರಿ ಗಟ್ಟಿಯಾಗೇ ಇದೆ ಅಕ್ಕ. ಯಾರೋ ಅದಕ್ಕೆ ಹೊಟ್ಟೆ ತುಂಬ ಕರೆಂಟು ಕೊಡ್ತಿಲ್ಲ, ಅಷ್ಟೇ,” ಎಂದ ಗಾಲಿಕುರ್ಚಿ ನೋಡಲು ಟೈಲರ್ ಅಂಗಡಿಗೆ ಬಂದಿದ್ದ ರಿಪೇರಿಯವನು.

ಆ ಕುರ್ಚಿಯಲ್ಲೇ ಕೂತು ಕಾಜಾ ಹೊಲಿಯುತ್ತಿದ್ದವಳ ಕೈ ನಿಂತಿತು. ಆ ವಾರ ಕುರ್ಚಿ ಎರಡು ಸಲ ನಡುರಸ್ತೆಯಲ್ಲಿ ಕೈಕೊಟ್ಟಿತ್ತು. ಇನ್ನೊಂದು ಸಲ ತಡವಾದರೆ ಮೆಷಿನ್ ಬೇರೆಯವರಿಗೆ ಕೊಡುತ್ತೇನೆ ಎಂದು ಯಜಮಾನಿ ಹೇಳಿಬಿಟ್ಟಿದ್ದಳು.

ಮನೆಯ ಪ್ಲಗ್ಗು ಬೀರುವಿನ ಮೇಲೆ, ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು. ದಿನಾ ರಾತ್ರಿ ಅಣ್ಣನೇ ಚಾರ್ಜಿಗೆ ಹಾಕಿ, “ಮಲಕ್ಕೋ ಮಹಾರಾಣಿ, ನಿನ್ನ ರಥದ ಕುದುರೆಗೆ ಮೇವು ಹಾಕಿದ್ದೀನಿ,” ಎನ್ನುತ್ತಿದ್ದ. ಅವಳು ನಗುತ್ತ ಕಣ್ಣು ಮುಚ್ಚುತ್ತಿದ್ದಳು.

ಸಂಜೆ ಕೇಳಿದಾಗ ಅಣ್ಣ ತಲೆ ತಗ್ಗಿಸಿದ. “ನಿಂಗೆ ನಿದ್ದೆ ಬಂದ್ಮೇಲೆ ತೆಗೀತಿದ್ದೆ ಕಣೆ. ಕರೆಂಟ್ ಬಿಲ್ ನೋಡಿದ್ರೆ ಎದೆ ಝಲ್ಲನ್ನುತ್ತೆ. ಬಾಡಿಗೆ ಬೇರೆ ಏರಿಸಿದ್ದಾರೆ.”

“ಬಿಲ್ ಉಳಿಸೋಕೆ ನಿನ್ನ ಟೀವಿ ಆರಿಸಿದ್ಯಾ?”

ಅವನು ರಿಮೋಟನ್ನು ದಿಂಬಿನ ಕೆಳಗೆ ಸರಿಸಿದ.

“ಹೇಳಿದ್ರೆ ಆ ದುಡ್ಡು ನಾನೇ ಕೊಡ್ತಿದ್ದೆ ಅಣ್ಣ. ನಾನು ಬ್ಯಾಟರಿಗೆ ಬೈದಾಗ ನೀನೂ ನನ್ನ ಜೊತೆ ಕೂತು ಬೈದೆಯಲ್ಲ.”

ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಕೂಗಾಡಲೂ ಅವಳಿಗೆ ಮನಸ್ಸು ಬರಲಿಲ್ಲ.

“ಈಗ್ಲೇ ಹಾಕ್ತೀನಿ, ಬೆಳಗಿನ ತನಕ ಮುಟ್ಟಲ್ಲ,” ಎಂದು ಅಣ್ಣ ಚಾರ್ಜರ್ ಎತ್ತಿಕೊಂಡ. ಅವಳು ರಿಪೇರಿಯವನಿಗೆ ಫೋನ್ ಮಾಡಿದಳು.

“ಪ್ಲಗ್ಗನ್ನ ನನ್ನ ಕೈಗೆ ಸಿಗೋ ಹಾಗೆ ಕೆಳಗಿಳಿಸಿ ಕೊಡ್ತೀಯಾ ತಮ್ಮ?”

“ಆಯ್ತಕ್ಕ. ನಾಳೆ ಬೆಳಗ್ಗೆ ಏಳಕ್ಕೆ ಬರ್ತೀನಿ.”

“ಬಾ. ಬಾಗಿಲು ನಾನೇ ತೆಗೀತೀನಿ.”