ಅಲ್ಲಾಡಿದ್ದು ಯಾರು?

ಮಗಳು ಬ್ರಷ್ಷನ್ನು ಸೋಪಿನ ನೊರೆಯಲ್ಲಿ ಮೂರನೆಯ ಸಲ ತಿರುಗಿಸುತ್ತಿದ್ದಳು. ಹಜಾರದ ಮಂಚದ ಮೇಲೆ ಅಪ್ಪನ ಶವ, ಮುಖದ ತುಂಬ ಆಸ್ಪತ್ರೆಯ ಒಂಬತ್ತು ದಿನಗಳ ಬಿಳಿ ಕುರುಚಲು. ನಲವತ್ತೆಂಟು ವರ್ಷ ಊರಿನ ಮುಖಗಳನ್ನೆಲ್ಲ ನುಣ್ಣಗೆ ಮಾಡಿದ ಕ್ಷೌರಿಕ, ಒಂದು ದಿನವೂ ಗಡ್ಡ ಬಿಟ್ಟು ಅಂಗಡಿಯ ಬಾಗಿಲು ತೆಗೆದವನಲ್ಲ.

"ಬಿಡೇ, ಹಾಗೇ ಇರಲಿ. ಹನ್ನೊಂದಕ್ಕೆ ಗಾಡಿ ಬರುತ್ತೆ," ಎಂದಳು ಸೋದರತ್ತೆ. "ಯಾರು ನೋಡ್ತಾರೆ ಈಗ?"

"ಅಪ್ಪ ನೋಡ್ತಾನೆ."

ಹನ್ನೆರಡು ವರ್ಷದಿಂದ ಅವಳೂ ಅದೇ ಅಂಗಡಿಯಲ್ಲಿ ಕತ್ತಿ ಹಿಡಿದವಳು. ಆದರೆ ತನ್ನ ಮುಖ ಮುಟ್ಟಲು ಅಪ್ಪ ಯಾರಿಗೂ ಬಿಟ್ಟಿರಲಿಲ್ಲ. ಇವತ್ತು ಅವಳು ಕತ್ತಿ ಮುಟ್ಟದೆ ನೊರೆಯನ್ನೇ ತಿರುಗಿಸುತ್ತಿದ್ದಳು. ಗಿರಾಕಿಗಳಿಗೆ ಗಾಯ ಮಾಡದ ಕೈಯವನಿಗೇ ಗಾಯ ಮಾಡಿ ಕಳಿಸುವುದೇ?

*

ಅಂಗಡಿಗೆ ಹೊಸಬರು ಬಂದು ಕುರ್ಚಿಯಲ್ಲಿ ಬಿಗಿಯಾಗಿ ಕೂತರೆ ಸಾಕು, ಅಪ್ಪ ತನ್ನ ಹಳೆಯ ಕತೆ ಶುರು ಮಾಡುತ್ತಿದ್ದ. ಹತ್ತೊಂಬತ್ತರ ಪ್ರಾಯ, ಕೆಲಸದ ಮೊದಲ ದಿನ, ಮೊದಲ ಗದ್ದ, ಸರ್ರನೆ ಒಂದು ಗಾಯ! ಬಿಳಿ ಬಟ್ಟೆಯ ಮೇಲೆ ಐದು ಹನಿ ರಕ್ತ. ಮಾಲೀಕ ಕೆಂಡಾಮಂಡಲವಾಗಿ ಬಾಗಿಲು ತೋರಿಸಿದಾಗ ಕುರ್ಚಿಯಲ್ಲಿದ್ದ ಪುಣ್ಯಾತ್ಮ ಹೇಳಿದನಂತೆ: "ಹುಡುಗನ ತಪ್ಪಿಲ್ಲ, ನಾನೇ ಅಲ್ಲಾಡಿಬಿಟ್ಟೆ."

"ಆವತ್ತಿಂದ ಒಬ್ಬರಿಗೂ ಗಾಯ ಮಾಡಿಲ್ಲ ಸ್ವಾಮಿ," ಎನ್ನುವಷ್ಟರಲ್ಲಿ ಗಿರಾಕಿಯ ಹೆಗಲು ಸಡಿಲವಾಗಿರುತ್ತಿತ್ತು. ರಕ್ತದ ಹನಿ ಒಮ್ಮೊಮ್ಮೆ ಐದು, ಒಮ್ಮೊಮ್ಮೆ ಏಳು. ಕೇಳಿ ಕೇಳಿ ಮಗಳ ಕಿವಿ ತೂತು ಬಿದ್ದಿತ್ತು. ಗಿರಾಕಿಗಳಿಗೆ ಧೈರ್ಯ ತುಂಬಲು ಅಪ್ಪ ಹೆಣೆದದ್ದು ಎಂದೇ ಅವಳು ತಿಳಿದಿದ್ದಳು.

*

"ಆ ಮೊದಲ ಗಿರಾಕಿ ಒಳ್ಳೆಯವನು, ಇಲ್ದಿದ್ರೆ ಇವನು ಮೂಟೆ ಹೊರಬೇಕಿತ್ತು," ಎಂದು ಅತ್ತೆ ಕಣ್ಣೊರೆಸಿಕೊಂಡಳು.

"ಅದೆಲ್ಲ ಕಟ್ಟುಕತೆ ಅತ್ತೆ."

"ಕಟ್ಟುಕತೆ ಅಲ್ಲಮ್ಮ." ಮೂಲೆಯಿಂದ ಎದ್ದವರು ಗಡ್ಡದ ಮಾಸ್ತರು. ತಿಂಗಳಿಗೊಮ್ಮೆ ಬಂದು ತಲೆಗೂದಲು ಮಾತ್ರ ಕತ್ತರಿಸಿಕೊಂಡು ಹೋಗುತ್ತಿದ್ದ ಹಳೆಯ ಗಿರಾಕಿ. ಅವರು ಎದೆಯುದ್ದದ ಗಡ್ಡವನ್ನು ಎರಡು ಬೆರಳಲ್ಲಿ ಸರಿಸಿ ತೋರಿಸಿದರು. ಗದ್ದದ ಮೇಲೆ ಉಗುರುದ್ದದ ಬಿಳಿ ಗೆರೆ.

"ಅಂಗಡೀಲೇ ಕೂತು ಕೇಳ್ತಿದ್ರಲ್ಲ ಮಾಸ್ತರೇ! ನಂಗೆ ಒಂದು ಸಲನಾದ್ರೂ ಹೇಳಬಾರದಿತ್ತಾ?"

"ಗೆರೆ ಕಂಡ್ರೆ ಅವನು ನೊಂದ್ಕೋತಾನೆ ಅಂತ ಗಡ್ಡ ಬಿಟ್ಟೆ. ಆಮೇಲೆ ಅವನು ಅಷ್ಟು ಚೆನ್ನಾಗಿ ಹೇಳ್ತಿದ್ದ, ಮಧ್ಯ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ."

"ನಿಜವಾಗ್ಲೂ ಅಲ್ಲಾಡಿದ್ರಾ?"

"ಎಲ್ಲಿ! ಕಲ್ಲಿನ ಹಾಗೆ ಕೂತಿದ್ದೆ."

ಒಂದು ಸುಳ್ಳಿನ ಋಣಕ್ಕೆ ಜೀವನವಿಡೀ ಕೈ ತಪ್ಪದೆ ದುಡಿದ ಅಪ್ಪನ ಮೇಲೆ ಅವಳಿಗೆ ಅಭಿಮಾನ ಉಕ್ಕಿತು. ನೊರೆ ಹಚ್ಚಿ ಕತ್ತಿ ಎತ್ತಿಕೊಂಡಳು. ಎಡಗೆನ್ನೆ ಮುಗಿಯಿತು, ಬಲಗೆನ್ನೆಯೂ ಮುಗಿಯಿತು. ಗದ್ದಕ್ಕೆ ಬಂದಾಗ ಕಣ್ಣು ಮಂಜಾಗಿ, ಕತ್ತಿ ಜಾರಿತು. ರಕ್ತ ಬರಲಿಲ್ಲ, ಸಣ್ಣ ಗೆರೆಯೊಂದು ಮೂಡಿತು.

ಮಗಳ ಕೈ ಗಾಳಿಯಲ್ಲೇ ನಿಂತಿತು.

ಮಾಸ್ತರು ಬಗ್ಗಿ ನೋಡಿದರು. "ನಿನ್ನದೇನೂ ತಪ್ಪಿಲ್ಲಮ್ಮ," ಎಂದರು. "ಅವನೇ ಅಲ್ಲಾಡಿಬಿಟ್ಟ."

ಮೊದಲು ನಕ್ಕವಳು ಅತ್ತೆ. ಮಗಳು ತೋಳಿನಿಂದ ಕಣ್ಣೊರೆಸಿಕೊಂಡು, ಅಪ್ಪನ ಮೂಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಮೇಲೆತ್ತಿ, ತುಟಿಯ ಮೇಲೆ ಉಳಿದಿದ್ದ ನೊರೆಗೆ ಕತ್ತಿ ಇಟ್ಟಳು.