ಅಧ್ಯಕ್ಷರ ಸೊಂಟದ ಹಾವು

ಬಹಳ ಹಿಂದೆ, ಅಂದರೆ ಹೋದ ವರ್ಷದ ಬೇಸಿಗೆಯಲ್ಲಿ, ಮಿಡಿಗೇಶಿಯ ಕೋಟೆಯ ಕೆಳಗೆ ಒಬ್ಬ ರಾಜನಿದ್ದ. ಕೋಟೆ ಪಾಳುಬಿದ್ದದ್ದರಿಂದ ಹಾಲಿನ ಡೈರಿಯಲ್ಲಿ ಕೂತು ಆಳುತ್ತಿದ್ದ. ಹೆಸರು ರುದ್ರಯ್ಯ, ಪದವಿ ಹಾಲು ಉತ್ಪಾದಕರ ಸಂಘದ ಅಧ್ಯಕ್ಷ. ಅಜ್ಜಿಯರ ಕಥೆಗಳಲ್ಲಿ ರಾಜನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿರುತ್ತದೆ. ಈ ರಾಜನದು ಸೊಂಟದ ಬೆಲ್ಟಿನಲ್ಲಿತ್ತು.

ಅಧ್ಯಕ್ಷರಾಗುವವರೆಗೂ ರುದ್ರಯ್ಯ ಪಂಚೆಯ ಮನುಷ್ಯ. ಗೆದ್ದ ದಿನ ಸದಸ್ಯರು ಹಾರದ ಜೊತೆಗೆ ಒಂದು ಅಸಲಿ ಚರ್ಮದ ಬೆಲ್ಟು ಕೊಟ್ಟರು. ಬಕಲ್ ಮೇಲೆ ಬಾಯಿ ತೆರೆದ ಸಿಂಹ. ಬೆಲ್ಟಿಗೆ ಜೊತೆಯಾಗಲೆಂದು ಪ್ಯಾಂಟು ಹೊಲಿಸಿದರು. ಮನೆಯಲ್ಲಿ ಬರಿಮೈಯಲ್ಲಿ ಕೂತಾಗಲೂ ಲುಂಗಿಯ ಮೇಲೆ ಅದನ್ನೇ ಬಿಗಿದರು. ಸಿಂಹ ಕಾಣದಿದ್ದರೆ ಎದುರಿಗಿರುವವರು ಅಧ್ಯಕ್ಷರೆಂದು ಹಸುಗಳಿಗೆ ಹೇಗೆ ಗೊತ್ತಾಗಬೇಕು?

ಆ ಬೇಸಿಗೆಯ ಬೆವರಿಗೆ ಸೊಂಟದ ಸುತ್ತ ಕೆಂಪು ಗುಳ್ಳೆಗಳೆದ್ದವು. ತುರಿಸಿದಲ್ಲೆಲ್ಲ ನೀರು ಒಸರಿತು. ಹೆಂಡತಿ ಗಂಗಲಕ್ಷ್ಮಮ್ಮ ನೋಡಿದವಳೇ ಸರ್ಪಸುತ್ತು ಎಂದಳು. ಚನ್ನರಾಯನದುರ್ಗದಿಂದ ಮಂತ್ರ ಹಾಕುವ ಕೆಂಪಯ್ಯ ಬಂದ. ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿದು, ಹೊಕ್ಕುಳಿನ ಬಳಿ ಬೆರಳಗಲ ಜಾಗ ಬಿಟ್ಟ. ಹಾವಿನ ತಲೆಯೂ ಬಾಲವೂ ಕೂಡಿದ ದಿನ ಪ್ರಾಣ ಹೋಗುತ್ತದಂತೆ. ರುದ್ರಯ್ಯ ಕೆಮ್ಮಣ್ಣಿನ ಮೇಲೇ ಬೆಲ್ಟು ಬಿಗಿದು, ಆ ಜಾಗಕ್ಕೆ ಸಿಂಹವನ್ನು ಕಾವಲು ಕೂರಿಸಿದರು. ಸಿಂಹ ಕೂತ ಕಡೆಯೇ ಎಲ್ಲಕ್ಕಿಂತ ಹೆಚ್ಚು ಗುಳ್ಳೆ ಎದ್ದು ತಲೆ ಬಾಲ ಕೂಡಿಬಿಟ್ಟವು. ರಾಜ ಸಾಯಲಿಲ್ಲ. ಕೆಂಪಯ್ಯ ಅದನ್ನು ತನ್ನ ಮಂತ್ರದ ಲೆಕ್ಕಕ್ಕೆ ಬರೆದುಕೊಂಡ.

ಹಾವು ಮುನಿದದ್ದು ಯಾರ ಮೇಲೆ? ಮನೆಗೆ ಹೊಸದಾಗಿ ಬಂದವಳು ಸೊಸೆ ಲೋಹಿತಾ. ಮದುವೆಯ ಮರುದಿನ ಹುತ್ತಕ್ಕೆ ಹಾಲೆರೆಯುವಾಗ ಅವಳ ಫೋನು ರಿಂಗಾಗಿತ್ತು. ಅಷ್ಟು ಸಾಕಾಯಿತು. ಫೋನು ಮಾಡಿದ್ದು ಕೆಲಸ ಸಿಕ್ಕಿತೆಂದು ಹೇಳಲು: ಶಿರಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಹುದ್ದೆ. ಕೆಲಸ ಸಿಕ್ಕರೆ ಸೊಸೆಯನ್ನು ತಾನೇ ಖುದ್ದಾಗಿ ಕರೆದೊಯ್ದು ಕೆಲಸಕ್ಕೆ ಸೇರಿಸುತ್ತೇನೆಂದು ರುದ್ರಯ್ಯ ನಿಶ್ಚಿತಾರ್ಥದ ದಿನವೇ ಮೈಕು ಹಿಡಿದು ಮಾತು ಕೊಟ್ಟಿದ್ದರು. ಗಂಡ ನವೀನ್ ಕುಮಾರ ಅಪ್ಪ ಹೇಳಿದಂತೆ ಎಂದು ಹೇಳಿ, ಸಂಸಾರದ ತನ್ನ ಪಾಲಿನ ಮಾತನ್ನು ಅಲ್ಲಿಗೆ ಮುಗಿಸಿದ್ದ.

ಕೆಂಪಯ್ಯ ವ್ರತ ಹೇಳಿದ. ಒಪ್ಪೊತ್ತಿನ ಊಟ, ಹುತ್ತಕ್ಕೆ ಹಾಲು, ವ್ರತ ಮುಗಿಯುವವರೆಗೆ ಮೈಮೇಲೆ ಚರ್ಮದ ವಸ್ತು ಕೂಡದು. ಹಾವು ಇಳಿಯಿತು. ರುದ್ರಯ್ಯ ಶಿರಾಕ್ಕೆ ಹೊರಡುವುದೆಂದು ನಿಶ್ಚಯಿಸಿ, ಹಿಂದಿನ ದಿನವೇ ಬೆಲ್ಟು ಕಟ್ಟಿ ಊರೆಲ್ಲ ಸುತ್ತಿ ಸುದ್ದಿ ಹೇಳಿ ಬಂದರು. ಮಾರನೆಯ ಬೆಳಿಗ್ಗೆ ಬಸ್ಸು ಮಧುಗಿರಿ ತಲುಪುವಷ್ಟರಲ್ಲಿ ಹಾವು ಎದ್ದಿತ್ತು. ವಾಪಸು. ಮತ್ತೆ ವ್ರತ, ಮತ್ತೆ ಬೆಲ್ಟು, ಮತ್ತೆ ಮಧುಗಿರಿಯಲ್ಲೇ ತುರಿಕೆ. ಲೋಹಿತಾ ಶಿರಾ ಸೇರುವುದು ನಾಗಪ್ಪನಿಗೆ ಇಷ್ಟವಿಲ್ಲವೆಂದು ಗಂಗಲಕ್ಷ್ಮಮ್ಮ ತೀರ್ಪು ಕೊಟ್ಟಳು.

ಆ ಎರಡನೆಯ ಸಲ ಲೋಹಿತಾ ಮಾವನನ್ನು ಮಧುಗಿರಿಯಲ್ಲೇ ಚರ್ಮದ ಡಾಕ್ಟರಮ್ಮನ ಬಳಿ ಕೂರಿಸಿದ್ದಳು. ನಿಜವಾದ ಸರ್ಪಸುತ್ತು ಮೈಯ ಒಂದು ಮಗ್ಗುಲಿಗೇ ಏಳುತ್ತದೆ, ಹೀಗೆ ಉಡಿದಾರದಂತೆ ಸುತ್ತುವುದಿಲ್ಲ ಎಂದರು ಡಾಕ್ಟರಮ್ಮ. ಚರ್ಮ ಹದ ಮಾಡಲು ಕ್ರೋಮಿಯಂ ಎಂಬ ಲೋಹದ ಉಪ್ಪು ಹಾಕುತ್ತಾರೆ, ಬೆವರಿಗೆ ಅದು ಹೊರಬಂದು ಮೈಗೆ ತಾಗುತ್ತದೆ. ಬಕಲ್‌ನಲ್ಲಿ ನಿಕಲ್ ಇರುತ್ತದೆ. ಕೆಲವರ ಮೈಗೆ ಇವು ಒಗ್ಗುವುದಿಲ್ಲ. ಗಿಲೀಟು ಓಲೆ ಹಾಕಿದರೆ ಕಿವಿ ಸೋರುವುದಿಲ್ಲವೇ, ಹಾಗೆ. ಬೆಲ್ಟು ಬಿಡಿ.

ರುದ್ರಯ್ಯ ಶಾಂತವಾಗಿ ಕೇಳಿಸಿಕೊಂಡು ಹೊರಗೆ ಬಂದರು. ಚುನಾವಣೆಯಲ್ಲಿ ಸೋತ ದೇವರಾಜು ಡಾಕ್ಟರಮ್ಮನ ತನಕ ಕೈಯಾಡಿಸಿದ್ದಾನೆಂಬುದು ಅವರಿಗೆ ಖಾತ್ರಿಯಾಯಿತು.

ಮೂರನೆಯ ವ್ರತ ಮುಗಿಯುವಷ್ಟರಲ್ಲಿ ಕೆಲಸಕ್ಕೆ ಸೇರುವ ಗಡುವಿಗೆ ಒಂದೇ ದಿನ ಉಳಿದಿತ್ತು. ಆ ದಿನ ತಪ್ಪಿದರೆ ಹುದ್ದೆ ಬೇರೆಯವರಿಗೆ. ರುದ್ರಯ್ಯ ಬೆಲ್ಟಿಗೆ ಕೈಹಾಕಿದ್ದನ್ನು ಕಂಡು ಲೋಹಿತಾ ಜಗಲಿಗೆ ಬಂದು ನಿಂತಳು.

“ಮಾವ, ಬೆಲ್ಟು ಬ್ಯಾಡ, ಅಂಗೇ ಹೋಗಣ. ಶಿರಾ ಮುಟ್ಟೋದ್ರೊಳಗೆ ಹಾವು ಎದ್ರೆ ಆರ್ಡರ್ ಹರಿದಾಕಿ ವಾಪಸ್ ಬತ್ತೀನಿ. ಆಮ್ಯಾಕೆ ಕೆಲಸದ ಹೆಸರೆತ್ತಲ್ಲ.”

“ಏಳಲಿಲ್ಲ ಅಂದ್ರೆ?”

“ಅಧ್ಯಕ್ಷರು ಕೊಟ್ಟ ಮಾತು ಉಳಿಸ್ಕಂಡ್ರು ಅಂತ ಡೈರಿ ಮುಂದೆ ನಿಂತು ನಾನೇ ಹೇಳ್ತೀನಿ.”

ರಾಜನಿಗೆ ಇದು ರುಚಿಸಿತು. ಆದರೆ ಒಪ್ಪೊತ್ತು ಉಂಡು ಉಂಡು ರಾಜ ಬಡಕಲಾಗಿದ್ದ. ಬೆಳಿಗ್ಗೆ ಪ್ಯಾಂಟು ಏರಿಸಿದರೆ ಅದು ಇಳಿಯಿತು. ಗಂಗಲಕ್ಷ್ಮಮ್ಮ ತನ್ನ ಲಂಗದ ಲಾಡಿ ತಂದಳು.

“ಲೇ, ಅಧ್ಯಕ್ಷ ಕಣೇ ನಾನು. ಲಾಡಿ ಕಟ್ಕಂಡು ಶಿರಾಕ್ಕೋಗ್ಲಾ?”

“ಪಂಚೆ ಉಟ್ಕಳಿ ಅಂದ್ರೂ ಕೇಳಲ್ಲ. ಅಂಗಾರೆ ಕೈಯಾಗೇ ಹಿಡ್ಕಂಡೋಗಿ ಬುಡಿ.”

ಅವರು ಹಾಗೇ ಮಾಡಿದರು. ಎಡಗೈಯಲ್ಲಿ ಪ್ಯಾಂಟು, ಬಲಗೈಯಲ್ಲಿ ಬಸ್ಸಿನ ಕಂಬಿ. ಮಧುಗಿರಿಯಲ್ಲಿ ಶಿರಾ ಬಸ್ಸು ಹತ್ತಿದಾಗಲೂ ಸೀಟು ಸಿಗಲಿಲ್ಲ. ಲೋಹಿತಾಳ ಕಣ್ಣು ಮಾವನ ಎಡಗೈಯನ್ನು ಬಿಟ್ಟು ಕದಲಲಿಲ್ಲ. ಬಡವನಹಳ್ಳಿಯ ಹತ್ತಿರ ಆ ಕೈ ಮೆಲ್ಲಗೆ ಷರ್ಟಿನೊಳಗೆ ಹೋಯಿತು. ಅವಳು ಬ್ಯಾಗಿನಲ್ಲಿದ್ದ ಆರ್ಡರನ್ನು ಬಿಗಿಯಾಗಿ ಹಿಡಿದುಕೊಂಡಳು. ಕೈ ಪ್ಯಾಂಟನ್ನು ಒಂದು ಸಲ ಮೇಲಕ್ಕೆಳೆದು ತನ್ನ ಜಾಗಕ್ಕೆ ಮರಳಿತು. ಶಿರಾ ಬಂದರೂ ತುರಿಸಲಿಲ್ಲ.

ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಖುಷ್ನುಮಾ ಮೇಡಂ ನಮಸ್ಕಾರ ಮಾಡಿದರು. ಸಿಕ್ಕಸಿಕ್ಕವರಿಂದ ನಮಸ್ಕಾರ ವಸೂಲು ಮಾಡುವ ರುದ್ರಯ್ಯನವರಿಗೆ ತಿರುಗಿ ಕೈಮುಗಿಯಲಾಗಲಿಲ್ಲ. ಹೊಟ್ಟೆನೋವೇ ಎಂದು ಮೇಡಂ ಕೇಳಿದರು.

“ಸರ್ಪಸುತ್ತಾಗಿತ್ತು ಮೇಡಮ್ಮೋರೆ. ಬಸ್ ಜನ ನೋಡಿ ಹೆದರ್ಕಂಡು ಇಳ್ದೋಗ್ಬುಡ್ತು,” ಎಂದರು ರುದ್ರಯ್ಯ.

ಲೋಹಿತಾ ತುಟಿ ಕಚ್ಚಿಕೊಂಡು ಕುರ್ಚಿ ಎಳೆದುಕೊಟ್ಟಳು. ಕೂತ ಮೇಲೆ ರಾಜನ ಎರಡೂ ಕೈ ಬಿಡುವಾದವು. ಸೊಸೆಯಿಂದ ಆರ್ಡರನ್ನು ಇಸಿದುಕೊಂಡು, ಖುದ್ದಾಗಿ, ಎರಡೂ ಕೈಯಲ್ಲಿ ಮೇಡಂಗೆ ಒಪ್ಪಿಸಿದರು. ಲೋಹಿತಾ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಳು. ಮೇಡಂ ಸೀಲು ಒತ್ತಿದರು.