ಮೇಸ್ತ್ರಿ ಮುಚ್ಚಿದ ಗೋಡೆ

ಕೆಲಸ ಕೆಡಿಸುವುದು ಮೇಸ್ತ್ರಿಗೆ ಗೊತ್ತೇ ಇರಲಿಲ್ಲ. ಅವನ ಸಂಕಟವೆಲ್ಲ ಶುರುವಾದದ್ದು ಅಲ್ಲಿಂದಲೇ. ಯುದ್ಧಕ್ಕೆ ಹೋಗುವ ಮುಂಚೆ ಗಾರೆ ಕೆಲಸ, ಬಂದ ಮೇಲೂ ಗಾರೆ ಕೆಲಸ. ನಡುವೆ ಪಡೆಯಲ್ಲಿದ್ದಾಗಲೂ ಎಲ್ಲರೂ ಕರೆದದ್ದು ಮೇಸ್ತ್ರಿ ಎಂದೇ. ಬೆಟ್ಟದಾಚೆಯ ಆ ಊರಿನಲ್ಲಿ ಜನರನ್ನು ಶಾಲೆಯ ಗೋಡೆಗೆ ನಿಲ್ಲಿಸಿ ಗುಂಡು ಹಾರಿಸಿದ ದಿನ ಅವನು ಹೊಳೆಯ ಹತ್ತಿರ ಸೇತುವೆ ರಿಪೇರಿ ಮಾಡುತ್ತಿದ್ದ. ಕಮಾಂಡರ್ ಕರೆಸಿ, "ಪೇಪರಿನವರು ಬರೋ ಹೊತ್ತಿಗೆ ಗೋಡೆ ಹೊಸದರ ಹಾಗಿರಬೇಕು" ಎಂದರು. ಮೇಸ್ತ್ರಿ ತೂತುಗಳಿಗೆ ಸಿಮೆಂಟು ತುಂಬಿ, ನುಣ್ಣಗೆ ತಿಕ್ಕಿ, ಮೇಲೆ ಸುಣ್ಣ ಬಳಿದ. ಸುಣ್ಣದ ಗಾರೆಯ ಹಳೇ ಗೋಡೆಗೆ ಸಿಮೆಂಟು ಒಗ್ಗುವುದಿಲ್ಲವೆಂದು ಗೊತ್ತಿತ್ತು. ಪಡೆಯ ಉಗ್ರಾಣದಲ್ಲಿ ಬೇರೇನೂ ಇರಲಿಲ್ಲ. ಕಮಾಂಡರ್ ಗೋಡೆ ನೋಡಿ, ಭೇಷ್ ಎಂದು ಬೆನ್ನು ತಟ್ಟಿದಾಗ ಅವನಿಗೆ ಒಂದು ಕ್ಷಣ ಖುಷಿಯಾಯಿತು. ಆ ಖುಷಿ ನೆನೆದರೆ ಇವತ್ತಿಗೂ ಊಟ ಸೇರುವುದಿಲ್ಲ.

ಕಮಾಂಡರ್ ಈಗ ದೊಡ್ಡ ಮನುಷ್ಯರು. ಎದೆ ತುಂಬ ಪದಕ ಹಾಕಿಕೊಂಡು ಮಕ್ಕಳಿಗೆ ಶೌರ್ಯದ ಪಾಠ ಹೇಳಲು ಹೋಗುತ್ತಾರೆ. ಎಲ್ಲಿಗೆ ಅಂದರೆ, ಶಾಲೆಗಳಿಗೆ! ಅವರಿಗೆ ಬೇರೆ ಜಾಗವೇ ಸಿಗಲಿಲ್ಲ. ಆ ಊರಲ್ಲಿ ನಮ್ಮವರು ಒಂದು ಗುಂಡೂ ಹಾರಿಸಿಲ್ಲ ಎಂದು ಅವರು ಹೇಳಿದ್ದನ್ನು ರೇಡಿಯೋದಲ್ಲಿ ಕೇಳಿದಂದಿನಿಂದ ಮೇಸ್ತ್ರಿ ನಿಜ ಹೇಳಲು ಕಚೇರಿ ಕಚೇರಿ ಅಲೆದ. ಒಬ್ಬ ಗುಮಾಸ್ತ ಇನ್ನೊಬ್ಬನ ಮೇಜು ತೋರಿಸುವನು, ಆ ಇನ್ನೊಬ್ಬ ಯಾವಾಗಲೂ ಊಟಕ್ಕೆ ಹೋಗಿರುವನು. ಹಳೇ ಜೊತೆಗಾರರು ಮೇಸ್ತ್ರಿಯನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದರು. ಹೆಂಡತಿ ಮಾತ್ರ ಮುಖದ ಮೇಲೇ ಹೇಳಿದಳು.

"ಅವರ ಕೂದಲೂ ಕೊಂಕಲ್ಲ ರೀ. ಒಳಗೆ ಹೋಗೋದು ನೀವೇ."

"ಹೋದ್ರೆ ಹೋಗ್ತೀನಿ ಕಣೇ. ಮುಚ್ಚಿದ್ದು ನಾನೇ ಅಲ್ವಾ?"

"ಹಾಗಾದ್ರೆ ಸ್ವೆಟರ್ ಈಗ್ಲೇ ತೆಗೆದಿಡ್ತೀನಿ, ಜೈಲಲ್ಲಿ ಚಳಿಯಂತೆ," ಎಂದು ಅಡುಗೆಮನೆಗೆ ಹೋದವಳು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಕೊನೆಗೂ ಕಿವಿಗೊಟ್ಟವರು ಒಬ್ಬ ತನಿಖಾಧಿಕಾರಿ, ಮಗಳ ವಯಸ್ಸಿನ ಹೆಣ್ಣುಮಗಳು. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಆ ಶಾಲೆಗೇ ಕರೆತಂದರು. ನ್ಯಾಯಾಲಯ ಅನುಮತಿ ಕೊಟ್ಟದ್ದು ಮಾತ್ರ ಜಿಪುಣ ಚಿಲ್ಲರೆ ಬಿಚ್ಚಿದ ಹಾಗೆ: ಗೋಡೆಯನ್ನು ಒಂದೇ ಕಡೆ, ಅಂಗೈಯಗಲ ಒಡೆಯಬಹುದು. ಗುಂಡಿನ ಗುರುತು ಸಿಕ್ಕರೆ ಕೇಸು, ಇಲ್ಲದಿದ್ದರೆ ಎಲ್ಲ ಅಲ್ಲಿಗೇ ಮುಗಿಯಿತು.

ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ನಿಂತ. ಕಣ್ಣು ಕಟ್ಟಿ ಬಿಟ್ಟರೂ ತೋರಿಸುತ್ತೇನೆಂದು ದಾರಿಯುದ್ದಕ್ಕೂ ಜಂಬ ಕೊಚ್ಚಿದ್ದ. ಈಗ ಅಂಗೈ ಆಡಿಸಿದರೆ ಒಂದು ಗೀರೂ ಸಿಗದು. ಬೆರಳಿನ ಗೆಣ್ಣಿನಿಂದ ತಟ್ಟಿದ, ಕಿವಿ ಇಟ್ಟು ಕೇಳಿದ. ಏನೂ ತಿಳಿಯಲಿಲ್ಲ. ಹಾಳು ಕೈ, ಎಷ್ಟು ಚೆನ್ನಾಗಿ ಮುಚ್ಚಿತ್ತು!

"ಎಲ್ಲಿ ಒಡೆಯೋದು, ಹೇಳಿ," ಎಂದರು ಅಧಿಕಾರಿ.

ಮೇಸ್ತ್ರಿ ಆದದ್ದಾಗಲಿ ಎಂದು ಅಂದಾಜಿನ ಮೇಲೆ ಉಳಿ ಇಡಲು ಹೋದಾಗ ಹಿಂದಿನಿಂದ "ನಿಲ್ಲಪ್ಪ" ಎಂಬ ದನಿ ಕೇಳಿಸಿತು. ಶಾಲೆಯ ಕಸ ಗುಡಿಸುವ ಮುದುಕಿ, ಕೈಯಲ್ಲಿ ನೀರಿನ ಬಕೆಟ್ಟು. ಯಾರನ್ನೂ ಕೇಳದೆ ಗೋಡೆಗೆ ಎರಚಿದಳು. ಹೋಗಿ ಇನ್ನೊಂದು ಬಕೆಟ್ ತಂದು ಅದನ್ನೂ ಎರಚಿದಳು.

ಹಳೇ ಗಾರೆ ನೀರು ಕುಡಿದು ಕಪ್ಪಾಯಿತು. ಸಿಮೆಂಟು ತುಂಬಿದ ಕಡೆ ಮಾತ್ರ ನೀರು ಇಳಿಯಲಿಲ್ಲ. ಅಲ್ಲೆಲ್ಲ ದುಂಡು ದುಂಡಗಿನ ಬಿಳಿ ಕಲೆಗಳು ಒಂದೊಂದಾಗಿ ಎದ್ದು ಕಂಡವು.

"ಪ್ರತಿ ಮಳೆಗೂ ಹೀಗೇ ಕಾಣತ್ತೆ. ಊರಿಗೆಲ್ಲ ಗೊತ್ತು," ಎಂದಳು ಮುದುಕಿ.

"ಯಾರಿಗೂ ಹೇಳ್ಲಿಲ್ವಾ ಅಜ್ಜಿ?" ಎಂದರು ಅಧಿಕಾರಿ.

"ಹೇಳಿದ್ವಿ ತಾಯಿ. ಯಾರೋ ಬಂದು ನೋಡಿ, ಗೋಡೆಗೆ ತೇವ ಹಿಡಿದಿದೆ ಅಂತ ಬರ್ಕೊಂಡು ಹೋದ್ರು."

ಮೇಸ್ತ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಗುಟ್ಟು ತನ್ನೊಬ್ಬನ ಹೊಟ್ಟೆಯಲ್ಲಿದೆ ಎಂದುಕೊಂಡು ಇಷ್ಟು ವರ್ಷ ನರಳಿದ್ದ. ಇವರು ಪ್ರತಿ ಮಳೆಗಾಲವೂ ಇದನ್ನು ನೋಡಿಕೊಂಡೇ ಬದುಕಿದ್ದರು. ತಲೆ ತಗ್ಗಿಸಿ, ಎದೆಮಟ್ಟದ ಒಂದು ಕಲೆಗೆ ಉಳಿ ಇಟ್ಟ.

"ಅದಲ್ಲ. ಒಂದೇ ತಾನೇ ಒಡೆಯೋದು? ಇದನ್ನ ಒಡಿ." ಮುದುಕಿ ಮಂಡಿಯೂರಿ, ಸೊಂಟಕ್ಕಿಂತ ಕೆಳಗಿದ್ದ ಕಲೆಯ ಮೇಲೆ ಬೆರಳಿಟ್ಟಳು. "ಇದು ನನ್ನ ಮಗಂದು. ನಾನು ಬಾವಿಕಟ್ಟೆ ಮರೆಯಿಂದ ನೋಡ್ತಾ ಇದ್ದೆ. ಎಷ್ಟು ಎತ್ತರ ಇದ್ದ ಅಂತ ಕೋರ್ಟಿನವರೇ ಅಳೆದು ನೋಡ್ಲಿ."

ಮೇಸ್ತ್ರಿಯ ಕೈ ಏಳಲಿಲ್ಲ. ಮುದುಕಿ ಉಳಿ ಸುತ್ತಿಗೆ ಎರಡನ್ನೂ ಕಿತ್ತುಕೊಂಡಳು.

"ಹೇಗೆ ಹಿಡಿಯೋದು, ಹೇಳು."

"ಅಂಚಿಂದ ಅಮ್ಮಾ... ಮೆಲ್ಲಗೆ."

ಅವಳು ಹೊಡೆದಳು. ಅವನು ಎರಡೂ ಅಂಗೈ ಒಡ್ಡಿ ಕೆಳಗೆ ಕೂತ. ಸಿಮೆಂಟಿನ ಬಿರಡೆ ಕಳಚಿ ಅಂಗೈಗೆ ಬಿತ್ತು. ಅದರ ಹಿಂದೆಯೇ ಚಪ್ಪಟೆಯಾದ ಸೀಸದ ಚೂರೊಂದು ಬಿತ್ತು.

ಅಧಿಕಾರಿ ಫೋಟೋ ತೆಗೆದರು, ನೆಲದಿಂದ ಎತ್ತರ ಅಳೆದರು.

"ಈ ತೂತು ಮುಚ್ಚಿದ್ದು ಯಾರು?"

"ನಾನು."

"ಮುಚ್ಚು ಅಂತ ಹೇಳಿದ್ದು?"

ಮೇಸ್ತ್ರಿ ಕಮಾಂಡರರ ಪೂರ್ತಿ ಹೆಸರನ್ನು ಹುದ್ದೆಯ ಸಮೇತ ಹೇಳಿದ. ಮುದುಕಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು. ಮಗನನ್ನು ಕೊಂದವರಿಗೂ ಒಂದು ಹೆಸರಿದೆ ಎಂಬುದು ಅವಳ ಕಿವಿಗೆ ಬಿದ್ದದ್ದು ಇವತ್ತೇ.

"ಇನ್ನೊಂದ್ಸಲ ಹೇಳು," ಎಂದಳು. "ಗಟ್ಟಿಯಾಗಿ ಹೇಳು."

ಮೇಸ್ತ್ರಿ ಎದ್ದು ನಿಂತು, ಊರಿಗೆಲ್ಲ ಕೇಳುವ ಹಾಗೆ ಹೇಳಿದ.